ಚಳಿಗಾಲದ ಬೀದಿಗೆ ಬರುವ ಅಪರೂಪದ ಹಕ್ಕಿ

1994ರಲ್ಲಿ ನೆದರ್ಲೆಂಡ್ಸ್‌ನ ಹುಕ್ ಆಫ್ ಹಾಲೆಂಡ್ ಎಂಬ ಬಂದರು ಊರಿನಲ್ಲಿ ಎರಡು ಅಪರೂಪದ ಹಕ್ಕಿಗಳು ಕಾಣಿಸಿಕೊಂಡವು. ಹಡಗು ಹತ್ತಿ ಬಂದಿರಬೇಕು ಅಂತ ತಿಳಿದವರು ಲೆಕ್ಕ ಹಾಕಿದರು. ಯಾವ ಹಕ್ಕಿ ಗೊತ್ತಾ? ಬೂದು ಕತ್ತಿನ ಊರುಕಾಗೆ. ಭಾರತದ ಊರುಗಳಲ್ಲಿ ಯಾರೂ ತಲೆ ಎತ್ತಿ ಕೂಡ ನೋಡದ ಅದೇ ಕಾಗೆ.

ಅಪರೂಪ ಅನ್ನುವುದು ಹಕ್ಕಿಯ ಮೈಮೇಲೆ ಬರೆದಿರುವುದಿಲ್ಲ. ಯಾವ ಜಾಗ, ಯಾವ ತಿಂಗಳು ಎಂಬುದರ ಮೇಲೆ ಅದು ನಿಂತಿದೆ. ಬೇಸಿಗೆಯಲ್ಲಿ ದಿನಾ ಕಾಣುವ ಹಕ್ಕಿಯೇ ಚಳಿಗಾಲದಲ್ಲಿ ಒಂದೇ ಒಂದು ಉಳಿದುಕೊಂಡರೆ, ಆ ತಿಂಗಳ ಮಟ್ಟಿಗೆ ಅದು ಅಪರೂಪವೇ. ಹಾಗಾಗಿ ಬೀದಿಯಲ್ಲಿ ವಿಚಿತ್ರವಾದದ್ದೊಂದು ಕಂಡಾಗ 'ಇದು ಯಾವ ಹಕ್ಕಿ' ಅಂತ ಪುಸ್ತಕ ತಿರುವಿಹಾಕುವುದು ಆಮೇಲಿನ ಕೆಲಸ. ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದು: ಈ ಜಾಗದಲ್ಲಿ, ಈ ತಿಂಗಳಲ್ಲಿ ಇರಬೇಕಾದ ಮಾಮೂಲಿ ಹಕ್ಕಿ ಇದು ಯಾಕಾಗಿರಬಾರದು? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕರೆ ಮಾತ್ರ ಅಪರೂಪದ ಮಾತು.

ಅದಕ್ಕೆ ಮುಂಚೆ, ಚಳಿಗಾಲದಲ್ಲೇ ಯಾಕೆ ಇವು ಜಾಸ್ತಿ ಕಾಣುತ್ತವೆ ಅನ್ನುವುದನ್ನು ನೋಡೋಣ.

ಒಂದು ಕಾರಣ ಊಟ. ಉತ್ತರ ಯುರೋಪಿನ ಕಾಡುಗಳಲ್ಲಿ ವ್ಯಾಕ್ಸ್‌ವಿಂಗ್ ಎಂಬ ಜುಟ್ಟಿನ ಹಕ್ಕಿ ಇದೆ. ಚಳಿಗಾಲದಲ್ಲಿ ಅದರ ಮುಖ್ಯ ಆಹಾರ ರೋವನ್ ಮರದ ಕೆಂಪು ಹಣ್ಣು. ಯಾವುದೋ ವರ್ಷ ಹಣ್ಣು ಚೆನ್ನಾಗಿ ಬಿಟ್ಟು ಹಕ್ಕಿಗಳ ಸಂಖ್ಯೆ ಏರುತ್ತದೆ, ಮುಂದಿನ ವರ್ಷ ಮರಗಳು ಕೈಕೊಡುತ್ತವೆ. ಆಗ ಹಿಂಡು ಹಿಂಡಾಗಿ ಬ್ರಿಟನ್ನಿನ ಕಡೆ ಹಾರುತ್ತವೆ. ಬಂದು ಇಳಿಯುವುದು ಎಲ್ಲಿ? ಸೂಪರ್‌ಮಾರ್ಕೆಟ್‌ಗಳ ಪಾರ್ಕಿಂಗ್ ಜಾಗದಲ್ಲಿ. ಚಂದ ಕಾಣಲಿ ಅಂತ ಅಲ್ಲಿ ಸಾಲಾಗಿ ನೆಟ್ಟಿರುವುದು ಅದೇ ಬಗೆಯ ಕೆಂಪು ಹಣ್ಣಿನ ಗಿಡಗಳನ್ನು. ಹೀಗೆ ಆಹಾರ ಸಿಗದೆ ಹಿಂಡಾಗಿ ದಕ್ಷಿಣಕ್ಕೆ ನುಗ್ಗುವುದು ಬೇರೆ ಹಕ್ಕಿಗಳಲ್ಲೂ ಇದೆ. 2020-21ರ ಚಳಿಗಾಲದಲ್ಲಿ ಉತ್ತರ ಅಮೆರಿಕದ ಬೀಜ ತಿನ್ನುವ ಕಾಡುಹಕ್ಕಿಗಳು ಬಗೆಬಗೆಯವು ಒಟ್ಟಿಗೇ ಕೆಳಗಿಳಿದು ಮನೆಗಳ ಹಿತ್ತಲಿಗೆ ಬಂದಿದ್ದವು.

ಆದರೆ ಉತ್ತರದಿಂದ ಬಂದದ್ದೆಲ್ಲ ಹೊಟ್ಟೆಗಿಲ್ಲದೆ ಬಂದದ್ದು ಅಂದುಕೊಳ್ಳಬೇಡಿ. ಹಿಮಗೂಬೆಯ ಕತೆ ಹೆಚ್ಚುಕಡಿಮೆ ಉಲ್ಟಾ. ಧ್ರುವ ಪ್ರದೇಶದಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿ ವಿಪರೀತ ಹೆಚ್ಚಿದ ವರ್ಷ ಗೂಬೆಗಳಿಗೆ ಹಬ್ಬ. ಒಂದೊಂದು ಗೂಡಿನಲ್ಲೂ ಮರಿಗಳು ಜಾಸ್ತಿ. ಚಳಿಗಾಲ ಬಂದಾಗ ಆ ಎಳೆ ಗೂಬೆಗಳು ಜಾಗ ಹುಡುಕುತ್ತಾ ದಕ್ಷಿಣಕ್ಕೆ ಚದುರುತ್ತವೆ. 2013-14ರಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಹೀಗೆ ಬಂದವುಗಳಲ್ಲಿ ಹೆಚ್ಚಿನವು ಮೈಕೈ ತುಂಬಿಕೊಂಡ ಎಳೆಯವೇ. 2021ರ ಜನವರಿ 27ರಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಹಿಮಗೂಬೆ ಇಳಿಯಿತು. ಅಲ್ಲಿ ಹಿಂದಿನ ದಾಖಲೆ ಇದ್ದದ್ದು 1890ರದ್ದು. ಅದು ಕೂತದ್ದು ಮರದ ಮೇಲಲ್ಲ, ಬೇಸ್‌ಬಾಲ್ ಮೈದಾನದ ನೆಲದಲ್ಲಿ. ಮರವೇ ಇಲ್ಲದ ಬಯಲಲ್ಲಿ ಹುಟ್ಟಿ ಬೆಳೆದ ಹಕ್ಕಿಗೆ ಇಡೀ ನಗರದಲ್ಲಿ ಊರಿನಂತೆ ಕಂಡ ಜಾಗ ಅದು. ಹಕ್ಕಿ ಎಲ್ಲಿಂದ ಬಂದಿದೆ ಅಂತ ಗೊತ್ತಿದ್ದರೆ ನಗರದಲ್ಲಿ ಎಲ್ಲಿ ಹುಡುಕಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಇನ್ನೊಂದು ಕಾರಣ ದಿಕ್ಕು. ಸಣ್ಣ ವಲಸೆ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿ ಹೊತ್ತು ಒಂಟಿಯಾಗಿ ಹಾರುತ್ತವೆ. ಮೊದಲ ಪ್ರಯಾಣದಲ್ಲಿ ಮರಿಗೆ ದಾರಿ ತೋರಿಸಲು ಅಪ್ಪ ಅಮ್ಮ ಜೊತೆಯಲ್ಲಿರುವುದಿಲ್ಲ. ಯಾವ ದಿಕ್ಕಿಗೆ ಹಾರಬೇಕು ಅನ್ನುವುದು ಹುಟ್ಟಿನಿಂದಲೇ ಬಂದಿರುತ್ತದೆ. ಅದರಲ್ಲಿ ಸ್ವಲ್ಪ ವ್ಯತ್ಯಾಸವಾದರೂ, ಅಥವಾ ಬಿರುಗಾಳಿ ಸಿಕ್ಕರೂ, ಹಕ್ಕಿ ಇನ್ನೆಲ್ಲಿಗೋ ಹೋಗಿ ಬೀಳುತ್ತದೆ. ದಾರಿ ತಪ್ಪಿ ಬಂದವುಗಳಲ್ಲಿ ಮೊದಲ ಚಳಿಗಾಲದ ಮರಿಗಳೇ ಜಾಸ್ತಿ ಇರುವುದಕ್ಕೆ ಇದೇ ಕಾರಣ.

ತಪ್ಪು ದಿಕ್ಕು ಹಿಡಿದವೆಲ್ಲ ಸಾಯಲೇಬೇಕು ಅಂತೇನೂ ಇಲ್ಲ. ಯುರೋಪಿನ ಬ್ಲ್ಯಾಕ್‌ಕ್ಯಾಪ್ ಎಂಬ ಉಲಿಯಕ್ಕಿ ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿಯ ಕಡೆ ಬೇಸಿಗೆ ಕಳೆಯುವ ಇವು ಚಳಿಗಾಲಕ್ಕೆ ನೈಋತ್ಯಕ್ಕೆ, ಸ್ಪೇನಿನ ಕಡೆಗೆ ಹೋಗುವುದು ರೂಢಿ. ಕೆಲವು ಮಾತ್ರ ವಾಯವ್ಯಕ್ಕೆ ತಿರುಗಿ ಬ್ರಿಟನ್ನಿಗೆ ಬರುತ್ತಿದ್ದವು. ಮೊದಲು ಅದು ತಪ್ಪಿದ ದಾರಿಯೇ. ಆದರೆ ಬ್ರಿಟನ್ನಿನ ಮನೆಗಳ ಹಿತ್ತಲಲ್ಲಿ ಜನ ಕಾಳು, ಕೊಬ್ಬು ಇಡುತ್ತಿದ್ದರು. ಬಂದವು ಬದುಕಿದವು, ವಾಪಸ್ ಹೋಗಿ ಮರಿ ಮಾಡಿದವು. ಜರ್ಮನಿಯ ವಿಜ್ಞಾನಿ ಪೀಟರ್ ಬೆರ್ಟೋಲ್ಡ್ ಮತ್ತು ಅವರ ತಂಡ ಬ್ರಿಟನ್ನಿನಲ್ಲಿ ಚಳಿಗಾಲ ಕಳೆದ ಹಕ್ಕಿಗಳನ್ನು ತಂದು ಸಾಕಿ ಮರಿ ಮಾಡಿಸಿದರು. ಎಂದೂ ಬ್ರಿಟನ್ ನೋಡದ ಆ ಮರಿಗಳೂ ವಾಯವ್ಯಕ್ಕೇ ಮುಖ ಮಾಡಿದವು. 1992ರಲ್ಲಿ ಇದು ಪ್ರಕಟವಾಯಿತು. ಒಂದು ಕಾಲದ ಅಪರೂಪ ಈಗ ಅಲ್ಲಿ ಮಾಮೂಲಿ.

ಮತ್ತೆ ಕೆಲವು ಹಕ್ಕಿಗಳು ದಾರಿ ತಪ್ಪಿರುವುದಿಲ್ಲ, ಸುಮ್ನೆ ದಣಿದಿರುತ್ತವೆ. ನವರಂಗ ಹಕ್ಕಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾಕ್ಕೆ ಬರುತ್ತದೆ. ರಾತ್ರಿ ಹಾರಿ ಹಾರಿ ಸುಸ್ತಾಗಿ ಬೆಳಗ್ಗೆ ಯಾರದೋ ಮನೆಯ ಅಂಗಳದಲ್ಲೋ ಮೆಟ್ಟಿಲ ಕೆಳಗೋ ಕೂತಿರುತ್ತದೆ. ಅದರ ಬಣ್ಣ ನೋಡಿ ಯಾರೋ ಸಾಕಿದ ಹಕ್ಕಿ ತಪ್ಪಿಸಿಕೊಂಡಿದೆ ಅಂದುಕೊಳ್ಳುವವರೇ ಹೆಚ್ಚು. ಮುಟ್ಟದೆ, ಬೆಕ್ಕು ನಾಯಿ ಬಾರದ ಹಾಗೆ ನೋಡಿಕೊಂಡರೆ ಸಾಕು. ಗಾಯ ಆಗಿರದಿದ್ದರೆ ಸುಧಾರಿಸಿಕೊಂಡು ತಾನಾಗಿ ಹೋಗುತ್ತದೆ.

ಇನ್ನು ನಗರ ಏನು ಕೊಡುತ್ತದೆ? ಕಾಂಕ್ರೀಟು ಹಗಲಲ್ಲಿ ಹೀರಿದ ಬಿಸಿಯನ್ನು ರಾತ್ರಿ ಬಿಡುವುದರಿಂದ ನಗರ ಸುತ್ತಲಿನ ಹಳ್ಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುತ್ತದೆ. ಸಣ್ಣ ಹಕ್ಕಿಗೆ ಇದು ದೊಡ್ಡ ವಿಷಯ. ಒಂದು ಕೊರೆಯುವ ಚಳಿಯ ರಾತ್ರಿ ಕಳೆಯುವಷ್ಟರಲ್ಲಿ ಅದರ ಮೈತೂಕದ ಹತ್ತರಲ್ಲೊಂದು ಪಾಲು ಕರಗಿಹೋಗಬಹುದು. ಕೊಳಚೆ ನೀರು ಶುದ್ಧೀಕರಿಸುವ ಘಟಕ, ಬೆಚ್ಚನೆಯ ನೀರು ಬಿಡುವ ಕಾರ್ಖಾನೆಯ ಕಾಲುವೆ, ತೆರೆದ ಚರಂಡಿ - ಇಂಥ ಕಡೆ ಹಿಮ ಬೀಳುವ ಊರುಗಳಲ್ಲೂ ಹುಳು ಹುಪ್ಪಟೆ ಸಾಯುವುದಿಲ್ಲ. ಹುಳ ತಿನ್ನುವ ಹಕ್ಕಿಗೆ ಚಳಿಗಾಲ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮಗೆ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸುವ ಜಾಗವೇ ಪಕ್ಷಿವೀಕ್ಷಕರ ಪಟ್ಟಿಯಲ್ಲಿ ಮೊದಲು ಬರುವುದು ಇದಕ್ಕೇ.

ಇನ್ನೊಂದನ್ನು ನಗರ ಕೊಡುತ್ತದೆ: ಕಣ್ಣುಗಳು. 1989ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ, ಒಂದು ಬಡಾವಣೆಯ ಮನೆಗಳ ನಡುವೆ, ಸೂಪರ್‌ಮಾರ್ಕೆಟ್ ಪಕ್ಕದಲ್ಲಿ ಗೋಲ್ಡನ್-ವಿಂಗ್ಡ್ ವಾರ್ಬ್ಲರ್ ಸಿಕ್ಕಿತು. ಅದು ಅಮೆರಿಕದ ಹಕ್ಕಿ. ಬ್ರಿಟನ್ನಿನಲ್ಲಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಒಂದೇ ದಿನ ಸಾವಿರಾರು ಜನ ಆ ಬೀದಿಗಳಲ್ಲಿ ತುಂಬಿಕೊಂಡರು. ಫೆಬ್ರವರಿಯಲ್ಲಿ ಯಾವ ಸಣ್ಣ ಹಕ್ಕಿಯೂ ಅಟ್ಲಾಂಟಿಕ್ ದಾಟುವುದಿಲ್ಲ. ಹಿಂದಿನ ಶರತ್ಕಾಲದಲ್ಲೇ ಗಾಳಿಗೆ ಸಿಕ್ಕಿ ಬಂದು ಎಲ್ಲೋ ಕಾಲ ಹಾಕಿರಬೇಕು. ಚಳಿಗಾಲದಲ್ಲಿ 'ಸಿಕ್ಕಿತು' ಅನ್ನುವ ಎಷ್ಟೋ ಹಕ್ಕಿಗಳು ತಿಂಗಳುಗಟ್ಟಲೆ ಅಲ್ಲೇ ಇದ್ದಿರುತ್ತವೆ, ಎಲೆ ಉದುರಿದ ಮೇಲೆ ಯಾರದೋ ಕಣ್ಣಿಗೆ ಬೀಳುತ್ತವೆ ಅಷ್ಟೇ. ಒಂದು ಕಡೆ ಅಪರೂಪದ್ದು ಸಿಕ್ಕಿದರೆ ಅದನ್ನು ನೋಡಲು ಬಂದವರು ಪಕ್ಕದ ಮರದಲ್ಲಿ ಇನ್ನೊಂದನ್ನು ಹುಡುಕುತ್ತಾರೆ. ಅಮೆರಿಕದ ಅರಿಜೋನಾದ ಪೆಟಗೋನಿಯಾ ಎಂಬ ಊರಿನ ಹತ್ತಿರ ರಸ್ತೆ ಬದಿಯ ತಂಗುದಾಣವೊಂದರಲ್ಲಿ ಹೀಗೇ ಆದದ್ದರಿಂದ 'ಪೆಟಗೋನಿಯಾ ಪಿಕ್ನಿಕ್ ಟೇಬಲ್ ಎಫೆಕ್ಟ್' ಅನ್ನುವ ಹೆಸರೇ ಹುಟ್ಟಿಕೊಂಡಿದೆ.

ಇಷ್ಟು ಗೊತ್ತಾದ ಮೇಲೆ ಹುಡುಕುವುದು ಸುಲಭ. ಊರೆಲ್ಲ ಸುತ್ತಬೇಕಿಲ್ಲ. ನಿಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಹಣ್ಣು ಬಿಟ್ಟ ಮರ ಯಾವುದು, ಹೂವಿನ ಮರ ಯಾವುದು, ನೀರು ನಿಂತ ಜಾಗ ಯಾವುದು, ಹುಲ್ಲು ಬೆಳೆದ ಖಾಲಿ ಸೈಟು ಯಾವುದು ಅಂತ ನೋಡಿಟ್ಟುಕೊಳ್ಳಿ. ಆಲ, ಅರಳಿ, ಅತ್ತಿ ಜಾತಿಯ ಮರಗಳಿಗೆ ವಿಶೇಷ ಗಮನ ಕೊಡಿ. ಇವು ಎಲ್ಲವೂ ಒಂದೇ ಸಲ ಹಣ್ಣು ಬಿಡುವುದಿಲ್ಲ, ಒಂದೊಂದು ಮರದ್ದೂ ಒಂದೊಂದು ಕಾಲ. ಬೇರೆಲ್ಲ ಖಾಲಿಯಾದಾಗಲೂ ಎಲ್ಲೋ ಒಂದು ಮರ ಹಣ್ಣಾಗಿರುತ್ತದೆ. ಚಳಿಗಾಲದ ಕೊನೆಯಲ್ಲಿ ಬೂರುಗದ ಮರ ಕೆಂಪಾದಾಗ ಅದರ ಕೆಳಗೆ ಅರ್ಧ ಗಂಟೆ ನಿಂತರೆ ಯಾವತ್ತೂ ನಷ್ಟವಿಲ್ಲ. ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಮೈನಾಗಳ ಹಿಂಡು ಅಲ್ಲಿ ಗಲಾಟೆ ಎಬ್ಬಿಸಿರಬಹುದು.

ಚಳಿಗಾಲದ ಇನ್ನೊಂದು ಅನುಕೂಲ ಮಿಶ್ರ ಹಿಂಡು. ಮರಿ ಮಾಡುವ ಕಾಲದಲ್ಲಿ ಜಾಗಕ್ಕಾಗಿ ಜಗಳ ಆಡುವ ಸಣ್ಣ ಹಕ್ಕಿಗಳು ಈಗ ಜಾತಿ ನೋಡದೆ ಜೊತೆಗೂಡಿ ಮರದಿಂದ ಮರಕ್ಕೆ ಸಾಗುತ್ತವೆ. ಗಿಡುಗ ಬಂದರೆ ಯಾರಾದರೂ ಒಬ್ಬರು ನೋಡುತ್ತಾರೆ ಅನ್ನುವುದು ಲಾಭ. ಒಂಟಿಯಾಗಿ ಬಂದ ಅಪರಿಚಿತ ಹಕ್ಕಿಯೂ ಇಂಥ ಹಿಂಡಿನಲ್ಲೇ ಸೇರಿಕೊಳ್ಳುತ್ತದೆ. ಹಿಂಡು ಸಿಕ್ಕಾಗ ಹೆಚ್ಚಿನವರು ಮಾಡುವುದು ಏನೆಂದರೆ, ಮೊದಲ ನಾಲ್ಕು ಹಕ್ಕಿ ನೋಡಿ 'ಅದೇ ಹಳೆಯವು' ಅಂತ ಮುಂದೆ ಹೋಗುವುದು. ಹಾಗೆ ಮಾಡಬೇಡಿ. ಹಿಂಡು ಹೋಗುವ ದಿಕ್ಕಿನಲ್ಲಿ ಮುಂದೆ ಹೋಗಿ ನಿಂತು, ಒಂದೊಂದನ್ನೂ ಹಾಯಲು ಬಿಟ್ಟು, ಕೊನೆಯದರವರೆಗೂ ನೋಡಿ. ಹಿಂದೆ ಉಳಿದು ನಿಧಾನವಾಗಿ ಬರುವುದೇ ಬೇರೆಯದಾಗಿರುವುದುಂಟು.

ಕಾಗೆಗಳ ಮಾತನ್ನೂ ಕೇಳಿ. ಒಂದೇ ಮರದ ಸುತ್ತ ಕಾಗೆಗಳು ಬಿಡದೆ ಅರಚುತ್ತಾ ಎರಗುತ್ತಿದ್ದರೆ ಒಳಗೆ ಗೂಬೆಯೋ ಗಿಡುಗವೋ ಇದೆ. ಸೆಂಟ್ರಲ್ ಪಾರ್ಕಿನ ಹಿಮಗೂಬೆಯನ್ನೂ ಕಾಗೆಗಳು ಬಿಟ್ಟಿರಲಿಲ್ಲ. ಎತ್ತರದ ಗೋಪುರದ ಮೇಲೆ ಹಕ್ಕಿಗಳನ್ನು ಬೇಟೆಯಾಡುವ ಪೆರೆಗ್ರಿನ್ ಫಾಲ್ಕನ್ ಕೂರುವ ಊರುಗಳಲ್ಲಿ ತಲೆ ತಗ್ಗಿಸಿ ನೋಡುವುದೂ ಒಂದು ದಾರಿ. ಇಂಗ್ಲೆಂಡಿನ ಬಾತ್, ಬ್ರಿಸ್ಟಲ್, ಎಕ್ಸೆಟರ್ ನಗರಗಳಲ್ಲಿ ಗೋಪುರಗಳ ಕೆಳಗೆ ಬಿದ್ದ ರೆಕ್ಕೆಪುಕ್ಕ ಹೆಕ್ಕಿ ನೋಡಿದಾಗ ವುಡ್‌ಕಾಕ್, ಬುರ್ಲಿ, ಗುಳುಮುಳುಕದಂಥ ಹಕ್ಕಿಗಳ ಗರಿ ಸಿಕ್ಕವು. ನಗರದ ನಡುವೆ ಹಗಲಲ್ಲಿ ಯಾರೂ ನೋಡದ ಹಕ್ಕಿಗಳು ಇವು. ರಾತ್ರಿ ಊರಿನ ಮೇಲೆ ಹಾದುಹೋಗುವಾಗ ಬೀದಿದೀಪದ ಬೆಳಕಿನಲ್ಲಿ ಫಾಲ್ಕನ್‌ಗೆ ಸಿಕ್ಕಿಬಿದ್ದಿದ್ದವು.

ಈಗ ಕಷ್ಟದ ಭಾಗಕ್ಕೆ ಬರೋಣ. ಹಕ್ಕಿ ಸಿಕ್ಕಿದೆ, ಬೇರೆ ಅನ್ನಿಸುತ್ತಿದೆ. ಆಮೇಲೆ?

ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ. ಕೆಂಪೆದೆ ನೊಣಹಿಡುಕ ಎಂಬ ಸಣ್ಣ ಹಕ್ಕಿ ಪೂರ್ವ ಯುರೋಪಿನ ಕಡೆಯಿಂದ ಚಳಿಗಾಲಕ್ಕೆ ಭಾರತಕ್ಕೆ ಬರುತ್ತದೆ. ಅದರ ಹತ್ತಿರದ ನೆಂಟ ಟೈಗಾ ನೊಣಹಿಡುಕ ಸೈಬೀರಿಯಾದಿಂದ ಈಶಾನ್ಯ ಭಾರತ, ಆಗ್ನೇಯ ಏಷ್ಯಾದ ಕಡೆ ಹೋಗುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕಂಡರೆ ಸುದ್ದಿ. ತೊಂದರೆ ಏನೆಂದರೆ, ಹೆಣ್ಣು ಮತ್ತು ಮೊದಲ ಚಳಿಗಾಲದ ಮರಿಗಳಿಗೆ ಕೆಂಪು ಕತ್ತೇ ಇರುವುದಿಲ್ಲ. ಎರಡೂ ಕಂದು. ಎರಡೂ ಬಾಲವನ್ನು ಚಿಟಕ್ಕನೆ ಮೇಲೆತ್ತುತ್ತವೆ. ಎರಡರ ಬಾಲದ ಅಂಚಲ್ಲೂ ಬಿಳಿ. ಹಾಗಾದರೆ ಎಲ್ಲಿ ನೋಡಬೇಕು? ಬಾಲ ಬೆನ್ನಿಗೆ ಸೇರುವ ಜಾಗದ ಸಣ್ಣ ಗರಿಗಳನ್ನು. ಟೈಗಾದಲ್ಲಿ ಅವು ಕಡುಕಪ್ಪು, ಬಾಲಕ್ಕಿಂತಲೂ ಕಪ್ಪು. ಕೆಂಪೆದೆಯದರಲ್ಲಿ ಬಾಲದಷ್ಟೇ ಅಥವಾ ಅದಕ್ಕಿಂತ ತಿಳಿ. ಆಮೇಲೆ ಕೊಕ್ಕಿನ ಕೆಳಭಾಗ: ಕೆಂಪೆದೆಯದಕ್ಕೆ ಬುಡದಲ್ಲಿ ತಿಳಿ ಹಳದಿ ಛಾಯೆ, ಟೈಗಾದ್ದು ಹೆಚ್ಚುಕಡಿಮೆ ಪೂರ್ತಿ ಕಪ್ಪು. ಕೂಗು ಎರಡರದ್ದೂ ಗರಗರ ಶಬ್ದವೇ, ಟೈಗಾದ್ದು ಇನ್ನೂ ಬಿರುಸು. ಈ ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಧೈರ್ಯವಾಗಿ ಹೇಳಬಹುದು. ಒಂದು ಮಾತ್ರ ಸಿಕ್ಕಿದ್ದರೆ ಸುಮ್ಮನಿರುವುದು ಲೇಸು.

ಅಂದರೆ ಕಣ್ಣಿಗೆ ಹೊಡೆಯುವ ಬಣ್ಣ ಸಾಕ್ಷಿಗೆ ಬರುವುದಿಲ್ಲ. ಚಳಿಗಾಲದಲ್ಲಂತೂ ಬಣ್ಣವನ್ನು ನಂಬುವ ಹಾಗೇ ಇಲ್ಲ. ಸೂರ್ಯ ಕೆಳಗೇ ಇರುತ್ತಾನೆ. ಬೆಳಗಿನ ಹೊಂಬೆಳಕಿನಲ್ಲಿ ಬೂದು ಹಕ್ಕಿ ಕಂದಾಗಿ ಕಾಣುತ್ತದೆ. ನೆಲದಲ್ಲಿ ಹಿಮ ಇದ್ದರೆ ಕೆಳಗಿನಿಂದ ಬೆಳಕು ಹೊಡೆದು ಹೊಟ್ಟೆ ಇರುವುದಕ್ಕಿಂತ ಬಿಳಿಯಾಗಿ ತೋರುತ್ತದೆ. ಚಳಿಗೆ ಗರಿ ಉಬ್ಬಿಸಿ ಕೂತಾಗ ಆಕಾರವೂ ಬದಲಾಗುತ್ತದೆ. ಉದ್ದ ಕತ್ತಿನದ್ದು ಕುಳ್ಳಾಗಿ, ತೆಳ್ಳಗಿನದ್ದು ದುಂಡಗೆ ಕಾಣುತ್ತದೆ. ಕೊಕ್ಕಿನ ಉದ್ದ, ಕಾಲಿನ ಬಣ್ಣ, ರೆಕ್ಕೆಯ ತುದಿ ಬಾಲದ ಎಲ್ಲಿಯವರೆಗೆ ಬರುತ್ತದೆ, ಕಣ್ಣಿನ ಮೇಲೆ ಹುಬ್ಬಿನ ಗೆರೆ ಇದೆಯೋ ಇಲ್ಲವೋ - ಇವು ಬೆಳಕಿಗೂ ಚಳಿಗೂ ಅಷ್ಟಾಗಿ ಬದಲಾಗುವುದಿಲ್ಲ. ಬಣ್ಣವನ್ನು ನಂಬಬಾರದು ಅನ್ನುವ ಮಾತಿಗೆ ಬಾತುಗಳು ಮಾತ್ರ ಹೊರತು. ಗಂಡು ಬಾತುಗಳು ಚಳಿಗಾಲದ ಹೊತ್ತಿಗೆ ಪೂರ್ತಿ ಬಣ್ಣಕ್ಕೆ ಬಂದಿರುತ್ತವೆ. ಹೊಸಬರು ಕೆರೆಯಿಂದ ಶುರು ಮಾಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಗಲ್ ಎಂಬ ಕಡಲಕ್ಕಿಗಳ ಸಹವಾಸ ಸದ್ಯಕ್ಕೆ ಬೇಡ. ದೊಡ್ಡ ಜಾತಿಯವು ಪೂರ್ತಿ ಬಣ್ಣಕ್ಕೆ ಬರಲು ನಾಲ್ಕು ವರ್ಷ ಬೇಕು, ಪ್ರತಿ ವರ್ಷವೂ ಬೇರೆ ವೇಷ.

ಮಾಮೂಲಿ ಹಕ್ಕಿಯೇ ವೇಷ ಹಾಕಿ ಬರುವುದೂ ಇದೆ. ಬಿಳಿ ತಲೆಯ ಕಾಗೆ, ಬಿಳಿ ಮಚ್ಚೆಯ ಗುಬ್ಬಚ್ಚಿ ನೋಡಿ ಹೊಸ ಜಾತಿ ಅಂದುಕೊಳ್ಳುತ್ತಾರೆ. ಗರಿಗೆ ಬಣ್ಣ ಬಾರದೆ ಹೋದದ್ದು ಅಷ್ಟೇ. ಬಣ್ಣ ಬಿಟ್ಟು ಆಕಾರ, ನಡಿಗೆ, ಜೊತೆಗಾರರನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಪಂಜರದಿಂದ ತಪ್ಪಿಸಿಕೊಂಡದ್ದಾದರೆ ಬೇರೆ ಸುಳಿವು: ಕಾಲಲ್ಲಿ ಉಂಗುರ, ಸವೆದು ಮುರಿದ ಬಾಲದ ಗರಿ, ಜನರ ಭಯವೇ ಇಲ್ಲದಿರುವುದು. 2018ರಲ್ಲಿ ಸೆಂಟ್ರಲ್ ಪಾರ್ಕಿನ ಕೊಳಕ್ಕೆ ಬಂದು ಜಗತ್ಪ್ರಸಿದ್ಧವಾದ ಮ್ಯಾಂಡರಿನ್ ಬಾತಿನ ಕಾಲಲ್ಲೂ ಪಟ್ಟಿ ಇತ್ತು. ಪೂರ್ವ ಏಷ್ಯಾದ ಹಕ್ಕಿ ಅದು, ಹಾರಿ ಬಂದದ್ದಲ್ಲ. ಆದರೆ ಉಂಗುರ ಕಂಡ ತಕ್ಷಣ ಸಾಕಿದ್ದು ಅಂತ ತೀರ್ಮಾನಿಸಬೇಡಿ. ಸಂಶೋಧಕರೂ ಕಾಡುಹಕ್ಕಿಗಳಿಗೆ ಉಂಗುರ ಹಾಕಿ ಬಿಡುತ್ತಾರೆ. ಅದರ ಮೇಲೆ ಅಕ್ಷರ, ಸಂಖ್ಯೆ ಇರುತ್ತದೆ, ಓದಲು ಸಿಕ್ಕರೆ ಬರೆದುಕೊಳ್ಳಿ.

ಬೈನಾಕ್ಯುಲರ್ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 8x42 ಅಂದರೆ ಎಂಟು ಪಟ್ಟು ಹತ್ತಿರ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. 42ನ್ನು 8ರಿಂದ ಭಾಗಿಸಿ: ಐದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಅದು. 10x42ರಲ್ಲಿ ಇದೇ ಲೆಕ್ಕ ನಾಲ್ಕಕ್ಕೆ ಇಳಿಯುತ್ತದೆ. ಚಳಿಗಾಲದ ಮಬ್ಬು ಬೆಳಗಿಗೆ 8x42 ಸಾಕು, ಕೈ ನಡುಗುವುದೂ ಕಡಿಮೆ ಕಾಣುತ್ತದೆ. ಬಡಾವಣೆಯಲ್ಲಿ ಅದನ್ನು ಯಾರ ಕಿಟಕಿಯ ಕಡೆಗೂ ಹಿಡಿಯಬೇಡಿ. ಹಕ್ಕಿ ನೋಡುತ್ತಿದ್ದೆ ಅಂದರೆ ಯಾರೂ ನಂಬುವುದಿಲ್ಲ!

ಕಂಡದ್ದನ್ನು ದಾಖಲಿಸುವ ಕ್ರಮ ಇದೆ. ಪುಸ್ತಕ ತೆರೆಯುವ ಮುಂಚೆ ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಳ್ಳಿ. ಚಿತ್ರ ನೋಡಿದ ಮೇಲೆ ನೆನಪು ಚಿತ್ರದ ಕಡೆಗೆ ವಾಲುತ್ತದೆ. ಇಲ್ಲದ ರೆಕ್ಕೆಪಟ್ಟಿಯೂ ಇತ್ತು ಅನ್ನಿಸತೊಡಗುತ್ತದೆ. ಫೋಟೋ ಮಸುಕಾದರೂ ಪರವಾಗಿಲ್ಲ, ತೆಗೆದಿಡಿ. ಬೆನ್ನು, ಬಾಲ, ಪಕ್ಕ, ಮೂರೂ ಕಡೆಯಿಂದ ಸಿಕ್ಕರೆ ಚೆನ್ನ. ಕೂಗಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಮರ್ಲಿನ್‌ನಂಥ ಆ್ಯಪ್‌ಗಳು ಕೂಗು ಕೇಳಿ ಹೆಸರು ಹೇಳುತ್ತವೆ, ಅದನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಹಾಗೇ ಅನುಕರಿಸುತ್ತದೆ, ಆ್ಯಪ್ ಮೋಸ ಹೋಗುತ್ತದೆ. 2002ರಲ್ಲಿ ಶುರುವಾದ, ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಆ ಜಾಗಕ್ಕೆ ಆ ತಿಂಗಳಿಗೆ ಒಗ್ಗದ ಹಕ್ಕಿಯ ಹೆಸರು ಹಾಕಿದರೆ ಅದು ವಿವರ ಕೇಳುತ್ತದೆ, ಆಮೇಲೆ ಆ ಪ್ರದೇಶ ಬಲ್ಲ ಸ್ವಯಂಸೇವಕರೊಬ್ಬರು ಪರಿಶೀಲಿಸುತ್ತಾರೆ. ಅವರು ಪ್ರಶ್ನೆ ಕೇಳಿದರೆ ಅವಮಾನ ಅಂದುಕೊಳ್ಳಬೇಕಾಗಿಲ್ಲ. ಮೊದಲು ನಾವೇ ಕೇಳಿಕೊಂಡ 'ಮಾಮೂಲಿ ಹಕ್ಕಿ ಯಾಕಾಗಿರಬಾರದು' ಅನ್ನುವುದನ್ನೇ ಅವರೂ ಕೇಳುತ್ತಿರುವುದು, ಅಲ್ವಾ?

ಗೂಬೆ ಸಿಕ್ಕರೆ ಜಾಗವನ್ನು ಊರಿಗೆಲ್ಲ ಸಾರಬೇಡಿ. ಹಗಲು ಮಲಗುವ ಹಕ್ಕಿಯ ಸುತ್ತ ಜನ ಸೇರಿದರೆ ಅದು ಏಳುತ್ತದೆ, ಎದ್ದರೆ ಕಾಗೆಗಳ ಕೈಗೆ ಸಿಕ್ಕಿತು. ಯಾವ ಹಕ್ಕಿಯನ್ನೇ ಆಗಲಿ ಫೋಟೋಗಾಗಿ ಎಬ್ಬಿಸುವುದು, ಕೂಗಿನ ರೆಕಾರ್ಡಿಂಗ್ ಹಾಕಿ ಮತ್ತೆ ಮತ್ತೆ ಕರೆಯುವುದು ಚಳಿಯಲ್ಲಿ ಅದರ ತಿಂಡಿಯ ಹೊತ್ತನ್ನು ಕಿತ್ತುಕೊಂಡ ಹಾಗೆ.

ಬಂದ ಹಕ್ಕಿ ನಾಳೆಯೂ ಇರುತ್ತದೆಯೇ? ಚಳಿಗಾಲದಲ್ಲಾದರೆ ಇರುವ ಸಾಧ್ಯತೆಯೇ ಜಾಸ್ತಿ. ವಸಂತ, ಶರತ್ಕಾಲದ ಹಕ್ಕಿ ದಾರಿಹೋಕ, ಚಳಿಗಾಲದ್ದು ಬಾಡಿಗೆದಾರ. ಊಟ ಇರುವವರೆಗೆ ಜಾಗ ಬಿಡುವುದಿಲ್ಲ. ಮುಂಬೈಯ ಒಂದು ಹುಲ್ಲುಹಾಸಿಗೆ ಉಂಗುರ ತೊಟ್ಟ ಬೂದು ಸಿಪಿಲೆಯೊಂದು ಹಲವು ವರ್ಷ ತಪ್ಪದೆ ಮರಳಿ ಬಂದ ದಾಖಲೆ ಇದೆ. ಹಾಗಾಗಿ ಮೊದಲ ದಿನ ಸರಿಯಾಗಿ ಕಾಣದಿದ್ದರೆ ಮಾರನೆಯ ದಿನ ಅದೇ ಹೊತ್ತಿಗೆ, ಅದೇ ಮರಕ್ಕೆ ಹೋಗಿ. ಮತ್ತೆ ಹೋದಾಗಲೆಲ್ಲ ಕಾಣದಿದ್ದ ದಿನವನ್ನೂ ಬರೆದಿಡಿ. ಮೊದಲ ದಿನಾಂಕ ಎಲ್ಲರ ಹತ್ತಿರವೂ ಇರುತ್ತದೆ, ಕೊನೆಯದು ಯಾರ ಹತ್ತಿರವೂ ಇರುವುದಿಲ್ಲ. ಹಕ್ಕಿ ಯಾವಾಗ ಹೊರಟಿತು ಅಂತ ಹೇಳಲು 'ಇವತ್ತು ಹೋಗಿ ನೋಡಿದೆ, ಇರಲಿಲ್ಲ' ಅನ್ನುವ ಒಂದು ಸಾಲು ಬೇಕಾಗುತ್ತದೆ.